ಹೊಳೆಗೆ ಬಿಟ್ಟ ವೃಶ್ಚಿಕ

ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಹುಟ್ಟಿದ ತಾರೀಕು ಕೇಳಿದರೆ, ಅಮ್ಮಂದಿರು ನಕ್ಷತ್ರ ಹೇಳುತ್ತಿದ್ದರು. ಇಲ್ಲವೇ ಆ ವರ್ಷ ಬಂಗುಡೆ ಹೇಗೆ ಬಿದ್ದಿತ್ತು ಎಂಬ ಕಥೆ. ಮಾಸ್ತರರು ಕೇಳುವಷ್ಟು ಕೇಳಿ, ಕೊನೆಗೆ ತಾವೇ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ಅಕ್ಕ ಮುಂಬಯಿಯಿಂದ ತಂದ, ಪಟ ತೆಗೆದು ಭವಿಷ್ಯ ಹೇಳುವ ಟ್ಯಾರೋ ಪುಸ್ತಕವನ್ನು ನಂಬಿದರೆ ಗಂಗೊಳ್ಳಿಯ ಅರ್ಧ ಜನ ಮಿಥುನ ರಾಶಿಯವರು.

ಆ ಪಟಗಳ ಕಟ್ಟನ್ನೂ ಹಿಂದಿ ಪುಸ್ತಕವನ್ನೂ ಅವಳಿಗೆ ಕೊಟ್ಟವಳು ಚಾಳಿನ ಪಕ್ಕದ ಮನೆಯ ಹೆಂಗಸು. ಭಾವ ಅಲ್ಲಿ ಕ್ಯಾಂಟೀನಿನಲ್ಲಿದ್ದರು. ತೊಂಬತ್ತೇಳರಲ್ಲಿ ಅದು ಮುಚ್ಚಿದ ಮೇಲೆ ಗಂಡ ಹೆಂಡತಿ ಊರಿಗೆ ಬಂದು ನಮ್ಮ ಜೊತೆಗೇ ಉಳಿದರು. ಭಾವ ನಾಡದೋಣಿಯಲ್ಲಿ ಮೀನಿಗೆ ಹೋಗತೊಡಗಿದರು.

ಪಟಗಳನ್ನು ಚಾಪೆಯ ಮೇಲೆ ಹರಡಿದ ಮೊದಲ ದಿನವೇ ಅಮ್ಮನ ಕಣ್ಣು ಒಂದರ ಮೇಲೆ ಬಿತ್ತು. ಕಪ್ಪು ಕವಚ ತೊಟ್ಟ ಎಲುಬುಗೂಡು ಬಿಳಿ ಕುದುರೆ ಏರಿ ಬರುತ್ತಿತ್ತು. ಅದು ಸಾವಿನ ಪಟ ಎಂದು ಅಕ್ಕ ಬಾಯಿ ತಪ್ಪಿ ಹೇಳಿಬಿಟ್ಟಳು.

"ಥೂ! ಇದನ್ ಮನಿಯಂಗೆ ಇಟ್ಕಂಬುಕಾಗ. ಈಗ್ಳೇ ಹೊಳಿಗ್ ಬಿಟ್ಟಿಕ್ ಬಾ" ಎಂದಳು ಅಮ್ಮ.

ಅಮ್ಮ ಒಂದು ಸಲ ಹೇಳಿದರೆ ಮುಗಿಯಿತು. ಅಕ್ಕ ದೋಣಿ ಕಟ್ಟುವ ಜಾಗಕ್ಕೆ ಹೋಗಿ ಅದನ್ನು ನೀರಿಗೆ ಬಿಟ್ಟಳು. ನಾನೂ ಜೊತೆಗಿದ್ದೆ. ಬಿಡುವ ಮೊದಲು ಒಮ್ಮೆ ಕೈಗೆ ತೆಗೆದುಕೊಂಡು ನೋಡಿದ್ದೆ. ಕುದುರೆಯ ಹಿಂದೆ ಒಂದು ಹೊಳೆ, ಹೊಳೆಯಲ್ಲಿ ಒಂದು ಸಣ್ಣ ದೋಣಿ.

ಪುಸ್ತಕವನ್ನು ಅವಳು ಓದತೊಡಗಿದ್ದು ಆಮೇಲೆ. ಒಂದೊಂದು ರಾಶಿಗೆ ಒಂದೊಂದು ಪಟ. ಪುಸ್ತಕದವರ ಲೆಕ್ಕ ಸೂರ್ಯನದ್ದು, ಹುಟ್ಟಿದ ತಾರೀಕು ಸರಿ ಇದ್ದವರಿಗೆ ಮಾತ್ರ. ನಮ್ಮ ಜಾತಕ ಚಂದ್ರನನ್ನು ಹಿಡಿದು ಹೋಗುವಂಥದ್ದು. ಅಕ್ಕ ಎರಡನ್ನೂ ಬೆರಕೆ ಮಾಡಿದಳು: ರಾಶಿ ನಮ್ಮದು, ಪಟ ಅವರದು. ಅಮ್ಮನದು ಕಟಕ, ಆದ್ದರಿಂದ ರಥ. ಅಕ್ಕನದು ಮೀನ, ಅವಳಿಗೆ ಚಂದ್ರ. ನಾನು ಸಿಂಹ, ನನಗೆ ಬಂದದ್ದು ಸಿಂಹದ ಬಾಯಿ ಮುಚ್ಚುತ್ತಿರುವ ಹೆಂಗಸಿನ ಪಟ.

"ಇವ್ಳ್ ಬಾಯ್ ಮುಚ್ಚುಕೆ ಊರಂಗೆ ಒಂದ್ ಜನ ಇಲ್ಯಲೆ" ಎಂದು ಭಾವ ನಕ್ಕರು.

ಅವರದು ಅನುರಾಧಾ ನಕ್ಷತ್ರ, ವೃಶ್ಚಿಕ. ಅಕ್ಕ ಪುಟ ತಿರುವಿ ವೃಶ್ಚಿಕ ಹುಡುಕಿದಳು. ಸಿಕ್ಕಿದ್ದು ಆ ಕುದುರೆಯ ಪಟ. ಅದರ ಅರ್ಥ ಸಾಯುವುದೇ ಅಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವುದು ಎಂದೂ ಅಲ್ಲಿ ಬರೆದಿತ್ತು. ಅವಳ ಮುಖ ಸಪ್ಪಗಾದದ್ದನ್ನು ನೋಡಿ ಭಾವನೇ ಸಮಾಧಾನ ಮಾಡಿದರು.

"ನನ್ ಪಟ ಆಗ್ಳೇ ನೀರಿಗ್ ಹೋಯ್ತಲೆ! ಇನ್ ನಂಗೆಂತ ಆತ್ತಿಲ್ಲೆ ಕಾಣ್."

ಮುಂದಿನ ಮಳೆಗಾಲದಲ್ಲಿ ಅವರ ದೋಣಿ ಹೊಳೆ ಕಡಲು ಸೇರುವ ಅಳಿವೆಯ ತೆರೆಗೆ ಸಿಕ್ಕಿ ಮಗುಚಿತು. ಉಳಿದವರೆಲ್ಲ ಈಜಿ ದಡ ಸೇರಿದರು. ಭಾವ ಸೇರಲಿಲ್ಲ. ಕಿರಿಮಂಜೇಶ್ವರದ ಕಡಲ ಕರೆಯವರೆಗೂ ಜನ ನಡೆದು ಹುಡುಕಿದರು. ಸಿಕ್ಕಿದ್ದು ಒಂದು ಹುಟ್ಟು ಮಾತ್ರ. ಅದು ಅದೇ ದೋಣಿಯದ್ದೋ ಅಲ್ಲವೋ ಎಂದು ಹೇಳಲೂ ಯಾರಿಗೂ ಧೈರ್ಯವಾಗಲಿಲ್ಲ.

ದೇಹ ಸಿಗದಿದ್ದರೆ ದರ್ಭೆಯಲ್ಲಿ ಗೊಂಬೆ ಮಾಡಿ ಸುಡುವ ಕ್ರಮವಿದೆ. ಮೊದಮೊದಲು ಯಾರೂ ಅದರ ಸುದ್ದಿ ಎತ್ತಲಿಲ್ಲ. ವರ್ಷಗಳು ಕಳೆದ ಹಾಗೆ ನೆಂಟರು ಮೆಲ್ಲಗೆ ಹೇಳತೊಡಗಿದರು: ಆ ಜೀವಕ್ಕೊಂದು ದಾರಿ ಮಾಡಿಕೊಡಬೇಡವೇ? ಅಕ್ಕ ಕರಿಮಣಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳದು ಒಂದೇ ಹಟ: ಅವರ ಪಟ ಬರಬೇಕು, ಬಂದ ಮೇಲೆ ಬೊಜ್ಜ, ಉತ್ತರಕ್ರಿಯೆ ಎಲ್ಲ.

ಸಂಜೆ ದೀಪ ಹಚ್ಚಿ ಕಟ್ಟನ್ನು ಕಲಸಿ ಒಂದು ಪಟ ತೆಗೆಯುತ್ತಿದ್ದಳು. ರಥ ಬರುತ್ತಿತ್ತು, ಚಂದ್ರ ಬರುತ್ತಿತ್ತು.

"ಇವತ್ತೂ ಬರ್ಲಿಲ್ಲೆ" ಎನ್ನುವಾಗ ಅವಳ ಮುಖದಲ್ಲಿ ಗೆಲುವಿರುತ್ತಿತ್ತು. ಅದನ್ನೇ ನನಗೆ ಸಹಿಸಲಾಗುತ್ತಿರಲಿಲ್ಲ. ಕಟ್ಟಿನಲ್ಲಿ ಇಲ್ಲದ ಪಟ ಬರುವುದಾದರೂ ಹೇಗೆ? ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಮ್ಮನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅಕ್ಕ ಪಟ ಹಿಡಿದು ಕುಳಿತರೆ ಅವಳು ಎದ್ದು ಬಚ್ಚಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಒಮ್ಮೆ ಸಿಟ್ಟು ತಡೆಯದೆ, ಇಲ್ಲದ ಪಟ ಹೇಗೆ ಬರುತ್ತದೆ ಎಂದು ನಾನು ಅಕ್ಕನನ್ನು ಕೇಳಿಯೇಬಿಟ್ಟೆ.

"ಅವ್ರನ್ ನಾವೇ ನೀರಿಗ್ ಬಿಟ್ಟದ್ ಅಲ್ದಾ" ಎಂದಳು, ತಲೆ ಎತ್ತದೆ.

ಆ ಮಾತು ಬಚ್ಚಲಿಗೂ ಕೇಳಿಸಿತು. ಪಾತ್ರೆಯ ಸದ್ದು ನಿಂತಿತು.

ಅಲ್ಲಿಂದ ಅಮ್ಮ ಕುಗ್ಗುತ್ತ ಹೋದಳು. ಮನೆಯಲ್ಲಿ ಗಟ್ಟಿಯಾಗಿ ಏನನ್ನೂ ಹೇಳುವುದನ್ನು ಬಿಟ್ಟಳು. ಊಟ ಕಡಿಮೆಯಾಯಿತು. ಕೊನೆಗೆ ಹಾಸಿಗೆ ಹಿಡಿದಾಗ ಡಾಕ್ಟರು ವಯಸ್ಸಾಯಿತು ಎಂದರು. ಹೌದು, ವಯಸ್ಸೂ ಆಗಿತ್ತು.

ಆ ವರ್ಷ ಮಹಾಲಯದ ಅಮಾವಾಸ್ಯೆ ಹತ್ತಿರ ಬಂದಿತ್ತು. ಮಧ್ಯಾಹ್ನ ಗಂಜಿ ಕುಡಿಸಲು ಹೋದ ಅಕ್ಕನ ಕೈ ಹಿಡಿದು ಅಮ್ಮ ಅತ್ತಳು.

"ನಾ ಎಂತಕ್ಕೆ ಹೊಳಿಗ್ ಬಿಡ್ ಅಂದೆ ಮಗಾ..."

ಅಕ್ಕ ಗಂಜಿಯ ಬಟ್ಟಲು ಕೆಳಗಿಟ್ಟಳು. ಎದ್ದು ಹೋಗಿ ಸೀರೆಯ ಡಬ್ಬದ ರಟ್ಟನ್ನು ಪಟದ ಅಳತೆಗೆ ಕತ್ತರಿಸಿ ತಂದು ನನ್ನ ಮುಂದೆ ಹಿಡಿದಳು.

"ನೀ ಕಂಡಿದ್ಯಲೆ, ಬಿಡ್ಸ್."

ಕುದುರೆ ಬಿಡಿಸಲು ನನಗೆ ಬರುವುದಿಲ್ಲ. ಎಲುಬುಗೂಡು ಬಿಡಿಸಲು ಮನಸ್ಸು ಬರಲಿಲ್ಲ. ಹಿಂದಿದ್ದ ಹೊಳೆಯನ್ನೂ ಆ ಸಣ್ಣ ದೋಣಿಯನ್ನೂ ಬಿಡಿಸಿ ಕೊಟ್ಟೆ. ಅಕ್ಕ ಅದನ್ನು ತುಂಬಾ ಹೊತ್ತು ನೋಡಿದಳು. ಕಟ್ಟಿಗೆ ಸೇರಿಸಿ, ಕಲಸಿ, ಅಮ್ಮನ ಹಾಸಿಗೆಯ ಮೇಲೆ ಒಂದೊಂದೇ ತೆಗೆದಿಡತೊಡಗಿದಳು. ಅವತ್ತು ಒಂದಕ್ಕೇ ನಿಲ್ಲಿಸಲಿಲ್ಲ. ದೋಣಿ ಬರುವವರೆಗೂ ತೆಗೆದಳು.

"ಬಂತ್ ಅಮ್ಮ" ಎಂದಳು. "ಭಟ್ರಿಗ್ ಹೇಳಿ ಕಳ್ಸುವ."

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅವತ್ ನೀರಿಗ್ ಬಿಟ್ಟದ್ದ್?"

ಇಷ್ಟು ವರ್ಷ ಅದನ್ನೇ ಗಂಡ ಎಂದು ನಂಬಿದ್ದವಳು ಅಮ್ಮನ ಕಣ್ಣನ್ನು ಸೆರಗಿನಿಂದ ಒರೆಸಿದಳು.

"ಅದ್ ಬರೀ ಕಾಗ್ದ ಅಮ್ಮ" ಎಂದಳು.