ಇಳಿಜಾರಿನಲ್ಲಿ ನಿಂತ ಜನರೇಟರ್

ನಮ್ಮಪ್ಪ ಮೂವತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಿಂದ ಧೈರ್ಯ ಹೇಳುತ್ತ, ತಣ್ಣಗೆ ಕೆಲಸ ಮಾಡುತ್ತಿದ್ದರಂತೆ. ಅವರ ತಾಳ್ಮೆಯನ್ನು ಇವತ್ತಿಗೂ ಹೊಗಳುವವರಿದ್ದಾರೆ. ಆ ತಾಳ್ಮೆ ಮನೆಯೊಳಗೆ ಒಂದು ದಿನವೂ ಕಾಲಿಟ್ಟಿದ್ದನ್ನು ಕಾಣದ ನನಗೆ, ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಅಮ್ಮನಿಗೆ ಶ್ವಾಸಕೋಶದ ಕಾಯಿಲೆ. ಆಕ್ಸಿಜನ್ ಮೆಷಿನ್ ಸದಾ ಓಡುತ್ತಿರಬೇಕು. ಕರೆಂಟ್ ಕೈಕೊಟ್ಟರೆ ಇರಲಿ ಎಂದೇ ಅಪ್ಪ ಜನರೇಟರ್ ತಂದಿದ್ದು. ಅದನ್ನು ವಾರಕ್ಕೊಮ್ಮೆ ಓಡಿಸಿ, ಒರೆಸಿ, ಹೊದಿಕೆ ಹಾಕಿಡುತ್ತಾರೆ. ಬೇರೆ ಯಾರೂ ಮುಟ್ಟುವಂತಿಲ್ಲ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಕರೆಂಟ್ ಹೋಯಿತು. ಅಮ್ಮನಿಗೆ ಆಕ್ಸಿಜನ್ನಿನ ಸಣ್ಣ ಸಿಲಿಂಡರ್ ಜೋಡಿಸಿ, ಅದರ ಮೀಟರಿನ ಮುಳ್ಳು ನೋಡಿದೆ. ಹೆಚ್ಚೆಂದರೆ ಮುಕ್ಕಾಲು ಗಂಟೆ. ಅಂಗಡಿಗೆ ಫೋನ್ ಮಾಡಿದರೆ, ಇನ್ನೊಂದು ಸಿಲಿಂಡರ್ ಬರಲು ಒಂದೂವರೆ ಗಂಟೆ ಬೇಕೆಂದರು.

ಅಪ್ಪ ಗೇಟಿನ ಬಳಿ ಜನರೇಟರಿನ ಹಗ್ಗ ಎಳೆದರು. ಹತ್ತು ಸಲ, ಹದಿನೈದು ಸಲ. ಜಪ್ಪಯ್ಯ ಎಂದರೂ ಅದು ಹೊತ್ತಿಕೊಳ್ಳಲಿಲ್ಲ. ಪೆಟ್ರೋಲ್ ಹಳೆಯದೆಂದು ಬೈದು ಹೊಸದು ಹಾಕಿದರು. ಚೋಕ್ ಎಳೆದರು, ತಳ್ಳಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಒಳ್ಳೆಯ ಟವೆಲಿನಿಂದಲೇ ಒರೆಸಿದರು. ಎಂಜಿನ್ನಿನ ಎಣ್ಣೆ ನೋಡಿದ್ದೀರಾ ಎಂದು ಕೇಳಿದ್ದಕ್ಕೆ, ಅಳತೆ ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು, ಕಣ್ಣು ಕಾಣುತ್ತೋ ಇಲ್ಲವೋ ಎಂದು ರೇಗಿದರು. ಎಣ್ಣೆ ಗೆರೆಯವರೆಗೂ ಇತ್ತು. ಪಕ್ಕದ ಮನೆಯವರನ್ನು ಕರೆಯುತ್ತೇನೆ ಎಂದರೆ ಅದೂ ಬೇಡವೆಂದರು. ನನಗೆ ತಲೆ ಕೆಟ್ಟುಹೋಯಿತು. ಹೆಂಡತಿಯ ಉಸಿರಿಗಿಂತ ಇವರಿಗೆ ಮರ್ಯಾದೆ ದೊಡ್ಡದಾಯಿತೇ ಎಂದು ಬಾಯಿ ಬಿಟ್ಟೇ ಅಂದುಬಿಟ್ಟೆ. ಅಪ್ಪ ತಿರುಗಿಯೂ ನೋಡದೆ ಮತ್ತೆ ಹಗ್ಗ ಎಳೆದರು.

ಒಳಗೆ ಮುಳ್ಳು ಕೆಂಪು ಗುರುತಿನ ಹತ್ತಿರ ಬಂದಿತ್ತು. ಅಪ್ಪನನ್ನು ಕರೆ ಎಂದು ಅಮ್ಮ ಸನ್ನೆ ಮಾಡಿದರು. ಅಪ್ಪ ಕಪ್ಪು ಕೈಗಳೊಂದಿಗೆ ಬಾಗಿಲಲ್ಲಿ ಬಂದು ನಿಂತರು.

"ರೀ, ಲಿಫ್ಟ್ ನಿಂತಾಗ ಒಳಗಿದ್ದವರಿಗೆ ಏನು ಹೇಳ್ತಿದ್ರಿ?" ಅಮ್ಮ ತಡೆದು ತಡೆದು ಕೇಳಿದರು.

"ಈಗ ಅದೆಲ್ಲ ಯಾಕೆ?"

"ಹೇಳಿ."

"ಹೆದರಬೇಡಿ. ಕೆಟ್ಟಿಲ್ಲ, ನಿಮ್ಮನ್ನ ಕಾಪಾಡೋಕೆ ತಾನಾಗೇ ನಿಂತಿದೆ ಅಂತ."

ಹೇಳುತ್ತಿದ್ದಂತೆ ಅಪ್ಪನ ಮುಖ ಬದಲಾಯಿತು. ಹೊರಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಎಣ್ಣೆ ಕಡಿಮೆಯಾದರೆ ಎಂಜಿನ್ ಸುಡದಿರಲೆಂದು, ಹೊತ್ತಿಕೊಳ್ಳದಂತೆ ತಡೆಯುವ ಸಣ್ಣ ಸ್ವಿಚ್ಚೊಂದು ಜನರೇಟರಿನಲ್ಲೂ ಇದೆಯಂತೆ. ಹೋದ ವಾರ ಓಡಿಸಿದ ಮೇಲೆ ಅಪ್ಪ ಜನರೇಟರನ್ನು ಹಿತ್ತಲಿನ ಸಮತಟ್ಟಾದ ಕಟ್ಟೆಯಿಂದ ಇಳಿಸಿ, ಗೇಟಿನ ಇಳಿಜಾರಿಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಎಣ್ಣೆಯೆಲ್ಲ ಕಡ್ಡಿಯಿರುವ ಪಕ್ಕಕ್ಕೆ ಸರಿದು, ಸ್ವಿಚ್ ಇರುವ ಪಕ್ಕ ಖಾಲಿಯಾಗಿತ್ತು. ಇಬ್ಬರೂ ಸೇರಿ ಅದನ್ನು ಮತ್ತೆ ಹಿತ್ತಲಿಗೆ ತಳ್ಳಿದೆವು. ನನ್ನ ಮೊಣಕೈ ತರಚಿತು. ಎರಡನೇ ಎಳೆತಕ್ಕೆ ಎಂಜಿನ್ ಗುಡುಗಿತು.

ಆಕ್ಸಿಜನ್ ಮೆಷಿನಿನ ಹಸಿರು ದೀಪ ಹೊತ್ತಿದ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಸುಮ್ಮನಿದ್ದ ಜನರೇಟರನ್ನು ಅಲ್ಲಿಗೆ ಯಾಕೆ ಸಾಗಿಸಿದಿರಿ ಎಂದು ತರಾಟೆಗೆ ತೆಗೆದುಕೊಂಡೆ. ಅಪ್ಪ ಮಂಚದ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು.

"ಹಿತ್ತಲಲ್ಲಿದ್ರೆ ಸದ್ದಿಗೆ ಅವಳಿಗೆ ನಿದ್ದೆ ಬರಲ್ಲ ಅಂತ," ಎಂದರು.

ಅಮ್ಮ ಅಪ್ಪನ ಕಪ್ಪು ಕೈಯನ್ನು ತಮ್ಮ ಹೊದಿಕೆಯ ಮೇಲೆ ಎಳೆದುಕೊಂಡರು.

"ಹಿತ್ತಲಲ್ಲೇ ಇರಲಿ ಬಿಡಿ," ಎಂದರು. "ಅದರ ಸದ್ದು ಕೇಳಿಸ್ತಿದ್ರೇನೇ ನನಗೆ ನಿದ್ದೆ."