ಮುಚ್ಚಳದ ಕೆಳಗಿನ ಆರು ಗಾಜು

ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಆಮೆಗೂ ಬೇಸರ ಬರುವಷ್ಟು ನಿಧಾನ. ಒಂದು ಲೋಟ ತೊಳೆಯಲು ಅವಳಿಗೆ ಅರ್ಧ ಗಂಟೆ ಬೇಕು. ಅಂಥವಳನ್ನು ನಮ್ಮ ಪ್ರಯೋಗಾಲಯಕ್ಕೆ ಸೇರಿಸಿದವಳು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ.

ನಮ್ಮದು ಸಿಲಿಕಾನ್ ಇಲ್ಲದ ಸೌರಕೋಶ. ಪ್ಲಾಸ್ಟಿಕ್ ಜಾತಿಯ ಶಾಯಿಯ ಹನಿಯನ್ನು ಗಿರಗಿರನೆ ತಿರುಗುವ ಗಾಜಿನ ಮೇಲೆ ಬಿಟ್ಟರೆ ತೆಳು ಪದರ ಕೂರುತ್ತದೆ. ಆಮೇಲೆ ಹಾಟ್‌ಪ್ಲೇಟಿನ ಮೇಲೆ ಕಾಯಿಸಬೇಕು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ನನ್ನ ಗಾಜುಗಳು ನೂರು ಪಾಲು ಬಿಸಿಲಿನಲ್ಲಿ ಹನ್ನೊಂದನ್ನು ವಿದ್ಯುತ್ ಮಾಡಿದರೆ, ನಿನ್ನೆ ಮೊನ್ನೆ ಬಂದ ಇವಳವು ಹದಿಮೂರು! ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಾಯಲ್ಲಿ ಅವಳದೇ ಜಪ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು.

ಅವಳ ಗುಟ್ಟು ಅವಳ ಸೋಮಾರಿತನವೇ. ಹಸಿ ಗಾಜನ್ನು ಕೂಡಲೇ ಹಾಟ್‌ಪ್ಲೇಟಿಗೆ ಇಡದೆ, ಮೇಲೊಂದು ಮುಚ್ಚಳ ಬೋರಲು ಹಾಕಿ ಚಹಾಕ್ಕೆ ಹೋಗುತ್ತಿದ್ದಳು. ಪದರ ನಿಧಾನವಾಗಿ ಒಣಗಿ, ಒಳಗಿನ ಎಳೆಗಳು ಸಾಲಾಗಿ ಕೂರುತ್ತಿದ್ದವು.

"ನೀನೂ ಮುಚ್ಚಿಡು ಅಕ್ಕ," ಅಂದಿದ್ದಳು.

ಅವಳಿಂದ ಕಲಿಯುವುದಕ್ಕಿಂತ ಹನ್ನೊಂದೇ ವಾಸಿ ಅಂದುಕೊಂಡೆ.

ಆ ವರ್ಷ ಒಬ್ಬರನ್ನಷ್ಟೇ ಉಳಿಸಿಕೊಳ್ಳುತ್ತೇವೆ ಎಂದರು. ಇಬ್ಬರೂ ಆರಾರು ಗಾಜು ಮಾಡಬೇಕು, ಹೆಚ್ಚು ಬಂದವಳಿಗೆ ಕೆಲಸ. ನನ್ನ ಆರಕ್ಕೂ ಶಾಯಿ ಹಾಕಿ ಮುಗಿಸಿದ್ದೆನಷ್ಟೇ, ಮೇಡಂ ಕರೆದರು; ಹಸಿಯಾಗಿಯೇ ಮೇಜಿನ ಮೇಲೆ ಬಿಟ್ಟು ಹೋದೆ. ಮರಳಿ ಬಂದಾಗ ಹಾಟ್‌ಪ್ಲೇಟಿನ ಮೇಲೆ ಆರು ಗಾಜು, ಮೇಜಿನ ಮೇಲೆ ಮುಚ್ಚಳದಡಿ ಆರು. ಮಹಾರಾಯಿತಿ ಚಹಾಕ್ಕೆ ಹೋಗಿದ್ದಳು. ನನ್ನವನ್ನು ಅವಳೇ ಬಿಸಿಗಿಟ್ಟಿರಬೇಕು; ಮುಚ್ಚಿಟ್ಟವು ಅವಳವಲ್ಲದೆ ಇನ್ಯಾರವು? ಆರೂ ಮುಚ್ಚಳ ಎತ್ತಿದೆ. ಎರಡೇ ನಿಮಿಷದಲ್ಲಿ ಒಣಗಿದವು. ಮತ್ತೆ ಮುಚ್ಚಿದೆ.

ಅಳತೆ ಮುಗಿದ ಮೇಲೆ ಮೇಡಂ ಗಾಜುಗಳನ್ನು ತಿರುಗಿಸಿ ಅಡಿಯಲ್ಲಿ ಗೀಚಿದ್ದ ಗುರುತು ನೋಡಿದರು. ಹದಿಮೂರು ಬಂದವು ಅವಳವು. ಮುಚ್ಚಳದ ಕೆಳಗಿದ್ದು ಹತ್ತು ಬಂದವು ನನ್ನವು.

"ಅದ್ಹೇಗಕ್ಕ?" ಓರಗಿತ್ತಿ ಅತ್ತೇಬಿಟ್ಟಳು. "ನನ್ನವು ಒಣಗಿದ್ವು ಅಂತ ಬಿಸಿಗಿಟ್ಟೆ. ನಿನ್ನವು ಹಸಿಯಾಗಿದ್ವು. ಒಂದ್ಸಲನಾದ್ರೂ ನಿಂಗೂ ಹದಿಮೂರು ಬರ್ಲಿ ಅಂತ ನಾನೇ ಮುಚ್ಚಿಟ್ಟಿದ್ದೆ."

ಕೆಲಸ ಅವಳಿಗೇ ಉಳಿಯಿತು. ಈಗ ಮನೆಯಲ್ಲಿದ್ದೇನೆ. ಅವಳು ಕೆಲಸದಿಂದ ಬಂದವಳೇ ನನ್ನ ಪಕ್ಕ ಕೂತು, ತಾನು ಗಾಜು ಮುಟ್ಟಿದ್ದರಿಂದಲೇ ನನ್ನ ಕೆಲಸ ಹೋಯಿತೆಂದು ಕ್ಷಮೆ ಕೇಳುತ್ತಾಳೆ. ಹೋಗಲಿ ಬಿಡು ಅನ್ನುತ್ತೇನೆ. ಅಷ್ಟು ಒಳ್ಳೆಯವಳಾಗಿರಲು ಇವಳಿಗೆ ಹೇಗೆ ಸಾಧ್ಯ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.