ಐದಡಿ ಕೆಳಗಿನ ಮನೆ

ಬೆಳಗಿನ ಆರು ಗಂಟೆ. ಹಳೆ ಬೀದಿಯ ಉದ್ದಕ್ಕೂ ನೀರಿನ ಪೈಪಿಗೆಂದು ತೋಡಿದ ಗುಂಡಿ. ಅದರೊಳಗಿಂದ ಒಂದು ತಲೆ ಮಾತ್ರ ಕಾಣುತ್ತದೆ. ಊರಿಗೆಲ್ಲ ಇವರು ಗುಂಡಿ ಮಾವ. ಮೂವತ್ತೊಂದು ವರ್ಷದಿಂದ ದಿನಕ್ಕೆ ಆರು ಮೀಟರಿನಂತೆ ಅಗೆಯುತ್ತಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಇವರನ್ನೊಮ್ಮೆ ನೋಡಬೇಕು. ಕೆಸರಿಗೇನೂ ಕೊರತೆಯಿಲ್ಲ, ಮೊಸರಿನ ಸುದ್ದಿಯಿಲ್ಲ.

ಇಂದು ಮಾತ್ರ ಹಾರೆ ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಾರೆ. ಗುಂಡಿಯ ತಳದಲ್ಲಿ ಬಟ್ಟಲಗಲದ ಏಳು ಕಪ್ಪು ಕಲೆಗಳು, ಬಾಗಿದ ಸಾಲಿನಲ್ಲಿ ಎಡಗೋಡೆಯೊಳಗೆ ನುಗ್ಗಿವೆ. ಸಂಜೆ ನಾಲ್ಕಕ್ಕೆ ಪೈಪಿನ ಲಾರಿ ಬರುತ್ತದೆ. ಪೈಪು ಇಲ್ಲೇ ಕೂತರೆ ಇವು ಉಳಿಯುವುದಿಲ್ಲ.

"ಇಲ್ಲಿ ನೋಡಿ," ಎಂದು ಮೇಲಿಂದ ಬಗ್ಗಿ ನೋಡುವ ನಮಗೆ ಗುಂಡಿಯ ಗೋಡೆಗೆ ಬೆರಳಿಟ್ಟು ತೋರಿಸುತ್ತಾರೆ. "ಮೇಲಿನ ಡಾಂಬರು ನಮ್ಮ ಕಾಲದ್ದು. ಈ ಇಟ್ಟಿಗೆ ಪುಡಿ ಗಿರಣಿ ಕಟ್ಟಿದಾಗಿಂದು; ನಮ್ಮಜ್ಜ ಕೂಲಿಗೆ ಬಂದಿದ್ದು ಆಗ್ಲೇ. ಕೆಳಗೆ ಕುದುರೆ ಲಾಳ ಸಿಗುತ್ತೆ, ದಂಡು ಬಂದಿತ್ತು. ಇನ್ನೂ ಕೆಳಗೆ ಪಿಂಗಾಣಿ ಚೂರು, ದೋಣೀಲಿ ಬಂದ ವ್ಯಾಪಾರದೋರದ್ದು. ಎಲ್ಲಾ ಹೊರಗಿಂದ ಬಂದೋರೇ. ತಳದಲ್ಲಿರೋರು ಮಾತ್ರ ಮೊದ್ಲಿಂದ ಇದ್ದೋರು."

ಹತ್ತೊಂಬತ್ತು ವರ್ಷದ ಹಿಂದೆ ಪಕ್ಕದ ಬೀದಿಯಲ್ಲಿ ಇಂಥವೇ ಕಲೆ ಕಂಡಾಗ, ಗುಂಡಿ ಮಾವನೇ ಇಲಿ ಬಿಲವೆಂದು ಹಾರೆಯಿಂದ ಕುಟ್ಟಿ ಮುಚ್ಚಿದ್ದರು. ಆ ದಾರಿಯಲ್ಲಿ ಬಂದ ಇತಿಹಾಸದ ಮೇಷ್ಟ್ರು ಉಳಿದಿದ್ದ ಒಂದೇ ಕಲೆ ನೋಡಿ ತಲೆ ಮೇಲೆ ಕೈ ಹೊತ್ತರು. ಇಲ್ಲಿಯ ಮೂಲಜನರು ಮನೆಗೆ ನೆಟ್ಟ ಕಂಬಗಳು ಕೊಳೆತು ಮಣ್ಣಾದ ಗುರುತು ಅದು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯ್ತು. ಮನೆಮುರುಕ ಅಂತ ನನ್ ಹೆಂಡ್ತಿ ಇವತ್ತಿಗೂ ಆಡ್ಕೋತಾಳೆ." ಹೇಳುತ್ತ ನಗುತ್ತಾರೆ, ಆದರೆ ಆ ನೋವು ಇನ್ನೂ ಆರಿಲ್ಲ.

ಎಂಟಕ್ಕೆ ಎಂಜಿನಿಯರ್ ಬರುತ್ತಾರೆ. ಕಲೆಗಳನ್ನು ತೋರಿಸಿ, ಪೈಪು ಪಕ್ಕಕ್ಕೆ ಸರಿಸಿ ಎಂದು ಗುಂಡಿ ಮಾವ ಕೇಳುತ್ತಾರೆ. "ಇಲಿ ಬಿಲಕ್ಕೆಲ್ಲ ಪೈಪ್ ತಿರುಗಿಸೋಕಾಗುತ್ತೇನ್ರೀ?"

ಗುಂಡಿ ಮಾವ ವಾದಕ್ಕಿಳಿಯುವುದಿಲ್ಲ. ಎಂಜಿನಿಯರನ್ನು ಕೈಹಿಡಿದು ಕೆಳಗಿಳಿಸಿ, ಅವರ ಹೆಬ್ಬೆರಳನ್ನು ಒಂದು ಕಲೆಯ ಮೇಲೆ ಒತ್ತಿಸುತ್ತಾರೆ. ಸುತ್ತಲಿನ ಮಣ್ಣು ಗಟ್ಟಿ, ಕಲೆಯೊಳಗಿನದು ಮೆತ್ತಗೆ. "ಕಂಬ ನೆಟ್ಟಿದ್ದ ಜಾಗ ಸಾರ್." ಎಂಜಿನಿಯರ್ ಎರಡನೆಯದನ್ನು ತಾವೇ ಮುಟ್ಟುತ್ತಾರೆ, ಆಮೇಲೆ ಮೂರನೆಯದನ್ನು. ಏಳೂ ಮುಗಿದ ಮೇಲೆ ಕೈ ಒರೆಸಿಕೊಳ್ಳುವುದನ್ನೇ ಮರೆತು ನಿಲ್ಲುತ್ತಾರೆ.

"ಬಲಕ್ಕೆ ಸರಿಸೋಣ. ಆದ್ರೆ ನಾಲ್ಕು ಮೀಟರ್ ಹೊಸದಾಗಿ ಅಗೀಬೇಕಲ್ಲ, ಲಾರಿ ಬರೋದ್ರೊಳಗೆ?"

"ಅಗೀತೀನಿ."

ಊಟಕ್ಕೂ ಮೇಲೇಳದೆ ಅಗೆಯುತ್ತಾರೆ. ಸಂಜೆ ಪೈಪು ಬಲಕ್ಕೆ ಸರಿದು ಮಲಗುತ್ತದೆ. ಏಳು ಕಲೆಗಳ ಮೇಲೆ ಜರಡಿ ಹಿಡಿದ ಮರಳನ್ನು ಬರಿಗೈಯಿಂದ ಹರಡುತ್ತಾರೆ. ನಾಳೆ ಇನ್ಯಾರೋ ತಿಳಿಯದೆ ಅಗೆದರೆ ಎಂಬುದೊಂದೇ ಈಗ ಅವರ ಚಿಂತೆ.

ಪೈಪು ತಿರುಗಿದ ಕಡೆ ನಕ್ಷೆಯಲ್ಲಿ ಕಾರಣ ಬರೆಯಬೇಕು. ಎಂಜಿನಿಯರ್ ಪೆನ್ನು ಹಿಡಿದು ಕೇಳುತ್ತಾರೆ, "ಏನಂತ ಬರೀಲಿ?"

"ಇಲ್ಲೊಂದು ಮನೆ ಇದೆ ಅಂತ ಬರೀರಿ ಸಾರ್."